ದೋಸೆ ಹಿಟ್ಟಿನ ಪಕ್ಕದಲ್ಲಿಟ್ಟ ರಕ್ತ

ಫ್ರಿಜ್ಜಿನ ಬಾಗಿಲು ತೆಗೆದಾಗ ದೋಸೆ ಹಿಟ್ಟಿನ ಹುಳಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಹಿಟ್ಟು ಏನು ತಪ್ಪು ಮಾಡಿತು ಪಾಪ, ತಪ್ಪು ಮಾಡಿದವಳು ನಾನು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಮದ್ರಾಸಿನ ಪೋರೂರಿನಲ್ಲಿರುವ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ರಕ್ತ ಪರೀಕ್ಷೆ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತಳಾದೆ. ಈಗ ತಂಗಿಯ ಮಗಳು ವಿದ್ಯಾ ಅದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ತಾಂಬರಂನ ನಮ್ಮ ಮನೆಗೆ ಬಂದವಳು, "ಪೆರಿಯಮ್ಮಾ, ವೇಲೆ ಕಷ್ಟಮಾ?" ಎಂದು ಕೇಳಿದಳು. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು ನಮ್ಮಲ್ಲಿ ಮೊದಲಿಂದ ನಡೆದುಬಂದ ಕ್ರಮ. ಕೆಲಸ ಕಷ್ಟವೇ ಎಂಬ ಪ್ರಶ್ನೆಗೆ ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಲಿ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಾನು ಹುಟ್ಟಾ ಪುಕ್ಕಲಿ. ಲ್ಯಾಬಿನ ಗ್ಯಾಸ್ ಮುಚ್ಚಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಎಷ್ಟು ಸಲ ವಾಪಸು ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮುಚ್ಚಿಯೇ ಇರುತ್ತಿತ್ತು. ಒಂದು ಪರೀಕ್ಷೆಯನ್ನು ಮೂರು ಸಲ ಮಾಡದೆ ರಿಪೋರ್ಟಿಗೆ ಸಹಿ ಹಾಕುತ್ತಿರಲಿಲ್ಲ. ಜೊತೆಯವರು ನಗುತ್ತಿದ್ದರು. ಆದರೆ ಡಾಕ್ಟರುಗಳು ಮಾತ್ರ, ಜಲಜಾ ನೋಡಿದ್ದಾಳೆ ಅಂದರೆ ಇನ್ನೊಮ್ಮೆ ನೋಡುವುದು ಬೇಡ ಎನ್ನುತ್ತಿದ್ದರು. ಆ ಮಾತು ಕೇಳಿ ಆಗ ನನಗೆ ಖುಷಿಯಾಗುತ್ತಿತ್ತು.

ನಾನು ಸೇರಿದಾಗ ರಕ್ತದ ಉಪ್ಪು ಅಳೆಯಲು ಬೆಂಕಿ ಬೇಕಿತ್ತು. ಸೋಡಿಯಂ ಅಂದರೆ ನಾವು ತಿನ್ನುವ ಉಪ್ಪಿನಲ್ಲಿರುವುದು, ಪೊಟ್ಯಾಸಿಯಂ ಅಂದರೆ ಎಳನೀರು, ಬಾಳೆಹಣ್ಣಿನಲ್ಲಿರುವ ಇನ್ನೊಂದು ಲವಣ. ಮಾದರಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಜ್ವಾಲೆಗೆ ಬಿಟ್ಟರೆ ಸೋಡಿಯಂ ಹಳದಿಯಾಗಿ ಉರಿಯುತ್ತದೆ, ಪೊಟ್ಯಾಸಿಯಂ ತಿಳಿ ನೇರಳೆಯಾಗಿ. ಬಣ್ಣ ಎಷ್ಟು ಗಾಢವೋ ಲವಣ ಅಷ್ಟು. ಮೇ ತಿಂಗಳ ಮದ್ರಾಸಿನಲ್ಲಿ ಆ ಯಂತ್ರದ ಮುಂದೆ ಫ್ಯಾನ್ ಹಾಕುವಂತಿಲ್ಲ, ಜ್ವಾಲೆ ಅಲುಗಾಡುತ್ತದೆ. ಬೆವರು ಹನಿ ಬೀಳುವಂತಿಲ್ಲ, ಬೆವರಲ್ಲೂ ಉಪ್ಪು. ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತಿದ್ದ ನಮ್ಮಪ್ಪ ಒಮ್ಮೆ ನೋಡಲು ಬಂದವರು, ಇದಕ್ಕೆ ನಿನ್ನನ್ನು ಓದಿಸಬೇಕಿತ್ತಾ ಎಂದು ಕೇಳಿದ್ದರು.

ನನ್ನ ಮೊದಲ ಎಡವಟ್ಟು ಆ ಯಂತ್ರದಲ್ಲೇ ಆಯಿತು. ಒಂದು ವಾರ ಬಂದ ರೋಗಿಗಳಿಗೆಲ್ಲ ಸೋಡಿಯಂ ಹೆಚ್ಚು. ಮೂರು ಮೂರು ಸಲ ಅಳೆದೆ, ಮೂರು ಸಲವೂ ಹೆಚ್ಚೇ. ಕೊನೆಗೆ ಗೊತ್ತಾಗಿದ್ದು, ನಲ್ಲಿ ನಿಂತು ಲಾರಿ ನೀರು ತರಿಸಿದ್ದರು, ಅದು ಬರೀ ಉಪ್ಪು ನೀರು. ಗಾಜಿನ ಸಾಮಾನುಗಳನ್ನು ಅದರಲ್ಲಿ ತೊಳೆದು, ಕೊನೆಗೆ ಶುದ್ಧ ನೀರಿನಲ್ಲಿ ಜಾಲಿಸುವುದನ್ನು ಆಯಾ ಬಿಟ್ಟಿದ್ದಳು. ನಾನು ಅಳೆದಿದ್ದು ರೋಗಿಗಳ ರಕ್ತವನ್ನಲ್ಲ, ಲಾರಿಯನ್ನು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಒಂದೇ ತಪ್ಪನ್ನು ಮೂರು ಸಲ ಅಳೆದರೆ ಅದು ಸರಿಯಾಗುವುದಿಲ್ಲ.

ನನ್ನ ಮೇಲಧಿಕಾರಿ ಡಾಕ್ಟರ್ ಕಲ್ಯಾಣಿ ಮೇಡಂ. ತೆಳ್ಳಗಿನ ಹೆಂಗಸು, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಯಾವ ರಿಪೋರ್ಟು ಕೈಗೆ ಕೊಟ್ಟರೂ ಕನ್ನಡಕದ ಮೇಲಿನಿಂದ ನೋಡಿ, "ಸರಿಯಾ ಪಾತ್ತಿಯಾ?" ಅಂದರೆ, ಸರಿಯಾಗಿ ನೋಡಿದೆಯಾ ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಹೌದು ಮೇಡಂ ಎನ್ನುತ್ತಿದ್ದೆ. ಅವರು ರಕ್ತದೊತ್ತಡದ ಮೇಲೆ ಸಂಶೋಧನೆ ಮಾಡುತ್ತಿದ್ದರು. ದಪ್ಪಗಿರುವವರಿಗೆ ಬಿಪಿ ಯಾಕೆ ಹೆಚ್ಚು ಎಂಬುದು ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ. ನನಗೆ ಅವರು ವಿವರಿಸಿದ್ದನ್ನು ವಿದ್ಯಾಳಿಗಾಗಿ ಇಲ್ಲಿ ಬರೆಯುತ್ತೇನೆ, ಡಾಕ್ಟರುಗಳು ನಕ್ಕರೆ ನಗಲಿ.

ಮೈತೂಕ ಏರಿದಂತೆ ದೇಹ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಸಕ್ಕರೆಯನ್ನು ಒಳಗೆ ತೆಗೆದುಕೋ ಎಂದು ಅದು ಒಮ್ಮೆ ಹೇಳಿದರೆ ಸಾಲದು, ನಾಲ್ಕು ಸಲ ಹೇಳಬೇಕು. ಹಾಗಾಗಿ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ. ಆದರೆ ಮೂತ್ರಪಿಂಡ ಹಾಗೆ ಕಿವುಡಾಗುವುದಿಲ್ಲ. ಉಪ್ಪನ್ನು ಹಿಡಿದಿಟ್ಟುಕೋ ಎಂಬ ಇನ್ಸುಲಿನ್ನಿನ ಮಾತನ್ನು ಅದು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ. ಉಪ್ಪು ನಿಂತರೆ ನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ. ಇನ್ನೊಂದು ಸಂಗತಿ ಜೀವಕೋಶದ ಗೋಡೆಯಲ್ಲಿರುವ ಪಂಪು. ಹಗಲೂ ರಾತ್ರಿ ಅದು ಸೋಡಿಯಂ ಅನ್ನು ಹೊರಗೆ ದಬ್ಬಿ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಇನ್ಸುಲಿನ್ ಈ ಪಂಪನ್ನೂ ಚುರುಕು ಮಾಡುತ್ತದೆ. ಕೆಲವರಲ್ಲಿ ಪಂಪು ಮಂದವಾಗಿ, ಒಳಗೆ ಸೋಡಿಯಂ ಸೇರಿ, ರಕ್ತನಾಳ ಬಿಗಿಯುತ್ತದೆಯೇ ಎಂಬುದು ಮೇಡಂಗೆ ಬೇಕಾಗಿತ್ತು. ನಾಳವನ್ನು ಕತ್ತರಿಸಿ ನೋಡಲಾಗುವುದಿಲ್ಲವಲ್ಲ, ಅದಕ್ಕೆ ಕೆಂಪು ರಕ್ತಕಣದೊಳಗಿನ ಉಪ್ಪು ಅಳೆಯುತ್ತಿದ್ದೆವು. ತಣ್ಣಗಾದರೆ ಪಂಪು ನಿಲ್ಲುತ್ತದೆ, ಬೆಚ್ಚಗಾದರೆ ಮತ್ತೆ ಓಡುತ್ತದೆ. ಅದನ್ನು ನಾನೇ ಎಷ್ಟೋ ಸಲ ಮಾಡಿ ನೋಡಿದ್ದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಸಂಶೋಧನೆಗೆ ದಪ್ಪಗಿನವರು, ಬಿಪಿ ಇದ್ದವರು, ಪ್ರತಿ ತಿಂಗಳು ತಪ್ಪದೆ ಸಿಗುವವರು ಬೇಕಾಗಿತ್ತು. ನಮ್ಮಪ್ಪ ಕೆಲಸ ಮಾಡುತ್ತಿದ್ದ ಹೋಟೆಲನ್ನು ಸೂಚಿಸಿದವಳು ನಾನೇ. ವೇಲಚೇರಿಯಲ್ಲಿ ಅವರದೊಂದು ಶಾಖೆ ತೆರೆದಿತ್ತು. ಅಡುಗೆಮನೆಯಲ್ಲಿ ಹನ್ನೊಂದು ಜನ, ಎಲ್ಲರೂ ನಮ್ಮ ಉಡುಪಿ ಕಡೆಯವರು. ಅವರ ಮುಖ್ಯಸ್ಥರು ವಾಸುದೇವ ಭಟ್ಟರು, ಅಪ್ಪನ ಸ್ನೇಹಿತರು. ನನಗೆ ಚಿಕ್ಕಂದಿನಿಂದ ವಾಸು ಮಾವ. ಅಪ್ಪ ಕಾಯಿಲೆ ಬಿದ್ದಿದ್ದ ವರ್ಷ ನನ್ನ ಪರೀಕ್ಷೆಯ ಫೀಸು ಕಟ್ಟಿದವರು ಅವರು, ಅದನ್ನು ಒಂದು ದಿನವೂ ಎತ್ತಿ ಆಡಿದವರಲ್ಲ.

ವಾಸು ಮಾವನದು ಭಾರೀ ದೇಹ. ತೂಕದ ಯಂತ್ರ ಹತ್ತಿಸಲು ಹೋದರೆ ಮೊದಲು ಸೊಂಟದ ಬೀಗದಕೈ ಗೊಂಚಲು ಬಿಚ್ಚುವರು, ಆಮೇಲೆ ಎಲೆಅಡಿಕೆ ಸಂಚಿ, ಆಮೇಲೆ ಹೆಗಲ ಮೇಲಿನ ಟವೆಲು, ಅವರ ಬೈರಾಸು. ಇಷ್ಟಾದರೂ ಮುಳ್ಳು ಇಳಿಯದಿದ್ದರೆ ನಿಮ್ಮ ಯಂತ್ರಕ್ಕೇ ಬಿಪಿ ಎನ್ನುವರು. ಉಪ್ಪು ಕಡಿಮೆ ಮಾಡಿ ಅಂದರೆ ಕೋಪ. ನೈವೇದ್ಯವಾಗುವ ಮೊದಲು ಅವರು ಯಾವುದನ್ನೂ ರುಚಿ ನೋಡುವವರಲ್ಲ. ಕುದಿಯುವ ಸಾಂಬಾರಿನ ಪರಿಮಳದಿಂದಲೇ ಉಪ್ಪು ಎಷ್ಟಿದೆ ಎಂದು ಹೇಳುತ್ತಿದ್ದರು. ಅಂಥವರಿಗೆ ಉಪ್ಪಿನ ವಿಷಯ ಹೇಳಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಮೇಡಂ ವಾಸು ಮಾವನಿಗೆ ಮೈಯ ನೀರು ಇಳಿಸುವ ಮಾತ್ರೆ ಬರೆದರು, ಸಂಜೆಯ ಬನ್ಸು ಬಿಡಿಸಿದರು, ದಿನಾ ನಡೆಯಲು ಹೇಳಿದರು. ಆರು ತಿಂಗಳಲ್ಲಿ ಐದು ಕಿಲೋ ಇಳಿದು ಬಿಪಿಯೂ ಇಳಿಯಿತು. ಅವತ್ತು ಅವರು ಇಡೀ ಲ್ಯಾಬಿಗೆ ಕಾಶಿ ಹಲ್ವ ತಂದಿದ್ದರು.

ಅದಾದ ಮೇಲಿನ ಮಳೆಗಾಲ. ಬೆಳಿಗ್ಗೆ ಐದಕ್ಕೇ ಹೋಟೆಲಿಗೆ ಹೋಗಿ, ಅವರು ಕಾಫಿ ಕುಡಿಯುವ ಮೊದಲು ಹನ್ನೊಂದು ಜನರ ರಕ್ತ ತೆಗೆದೆ. ತೆಗೆದ ಗಂಟೆಯೊಳಗೆ ಲ್ಯಾಬಿಗೆ ತರಬೇಕು ಎಂದು ಮೇಡಂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆಗಲೇ ಮಳೆ ಶುರುವಾಗಿ, ಆರು ಗಂಟೆಗೆ ಬರಬೇಕಿದ್ದ ವ್ಯಾನು ನೀರಿನಲ್ಲಿ ಸಿಕ್ಕಿಕೊಂಡಿತು. ವೇಲಚೇರಿಯ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಏಳಾಯಿತು, ಎಂಟಾಯಿತು, ರಸ್ತೆಯಲ್ಲಿ ಮೊಣಕಾಲುದ್ದ ನೀರು. ಟ್ಯೂಬುಗಳ ಸ್ಟ್ಯಾಂಡನ್ನು ಎದೆಗೆ ಅವುಚಿಕೊಂಡು ಒಳಗೂ ಹೊರಗೂ ತಿರುಗುತ್ತಿದ್ದೆ. ಅಡುಗೆಮನೆಯ ಝಳಕ್ಕೆ ರಕ್ತ ಕೆಟ್ಟೀತು ಎಂದು ಜೀವ ಹಾರಿಹೋಗುತ್ತಿತ್ತು. ಅದನ್ನು ನೋಡಲಾರದೆ ವಾಸು ಮಾವ ಕೇಳಿದರು.

"ಎಂತಕ್ಕೆ ಅದನ್ನು ಹಿಡ್ಕೊಂಡು ತಿರುಗ್ತೀ? ಈ ಸೆಕೆಗೆ ಹಿಟ್ಟೇ ಹುಳಿ ಬರ್ತದೆ, ನೆತ್ತರು ಬಿಡ್ತದಾ? ಕೊಡು ಇಲ್ಲಿ."

ಮಡಿ ಅಡುಗೆಮನೆ. ಅಲ್ಲಿ ಈರುಳ್ಳಿಗೇ ಬೇರೆ ಮೂಲೆ. ಅಂಥಲ್ಲಿ ಅವರು ಸ್ಟ್ಯಾಂಡನ್ನು ಬಾಳೆ ಎಲೆಯಲ್ಲಿ ಸುತ್ತಿ, ಫ್ರಿಜ್ಜಿನ ಕೆಳಗಿನ ಅರೆಯನ್ನು ಖಾಲಿ ಮಾಡಿಸಿ, ದೋಸೆ ಹಿಟ್ಟಿನ ಪಾತ್ರೆಗಳನ್ನು ಪಕ್ಕಕ್ಕೆ ಸರಿಸಿ ಒಳಗಿಟ್ಟರು. ಧಣಿಗಳಿಗೆ ಹೇಳಬೇಡ ಎಂದರು. ನನಗಾಗಿ ಆ ಮನುಷ್ಯ ತನ್ನ ನೇಮ ಮುರಿದದ್ದು ಕಂಡು ನನ್ನ ಕಣ್ಣು ತುಂಬಿತು. ತಣ್ಣಗೆ ಇಟ್ಟದ್ದು ಕೆಡುವುದಿಲ್ಲ ಎಂದು ಹುಟ್ಟಿದಂದಿನಿಂದ ಕೇಳಿದ ಹೋಟೆಲಿನವರ ಮಗಳು ನಾನು. ಪಂಪಿನ ವಿಷಯ ತಲೆಗೆ ಹೊಳೆಯಲೇ ಇಲ್ಲ. ಊರೆಲ್ಲ ಕರೆಂಟು ಹೋಗಿತ್ತು, ಹೋಟೆಲಿನ ಜನರೇಟರು ಮಾತ್ರ ಇಡೀ ದಿನ ಓಡಿತು. ಅವತ್ತು ಅದೂ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ವ್ಯಾನು ಬಂದಾಗ ಸಂಜೆ ಐದು. ಲ್ಯಾಬಿಗೆ ಹೋಗಿ ರಕ್ತಕಣ ಬೇರೆ, ನೀರಿನ ಭಾಗ ಬೇರೆ ಮಾಡಿ ಎತ್ತಿಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ವಾಸು ಮಾವನದನ್ನೇ ಮೊದಲು ನೋಡಿದೆ. ನೀರಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿಯುವುದುಂಟು, ಅದನ್ನು ಬೇಗ ತಿಳಿಸು ಎಂದು ಮೇಡಂ ಹೇಳಿದ್ದರು. ಇಳಿದಿರಲಿಲ್ಲ. ಐದು ದಾಟಬಾರದ ಪೊಟ್ಯಾಸಿಯಂ ಆರೂ ಮುಕ್ಕಾಲು ಇತ್ತು. ಅಷ್ಟಾದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ, ಮೂರು ಸಲವೂ ಅದೇ. ರಿಪೋರ್ಟು ಕೊಟ್ಟಾಗ ಮೇಡಂ ಎಂದಿನಂತೆ ಕೇಳಿದರು, "ಸರಿಯಾ ಪಾತ್ತಿಯಾ?" ಮೂರು ಸಲ ನೋಡಿದೆ ಮೇಡಂ ಎಂದೆ.

ಹೋಟೆಲಿಗೆ ಫೋನು ಹೋಯಿತು. ವಾಸು ಮಾವ ಅಡುಗೆಯ ಪಂಚೆಯಲ್ಲೇ ಆಟೋ ಹತ್ತಿ ಬಂದರು. ಹನ್ನೊಂದೂವರೆಗೆ ಅವರನ್ನು ವಾರ್ಡಿಗೆ ಸೇರಿಸಿದರು. ಮೇಡಂ ಪಾಠ ಮಾಡಲು ಕ್ಲಾಸಿಗೆ ಹೋಗಿದ್ದರು, ಡ್ಯೂಟಿಯಲ್ಲಿದ್ದದ್ದು ಒಬ್ಬ ಎಳೆಯ ಡಾಕ್ಟರು. ಇಸಿಜಿಯಲ್ಲಿ ಹಳೆಯ ಬಿಪಿಯ ಗುರುತುಗಳಿದ್ದವು, ಹೆದರಿದ ಕಣ್ಣಿಗೆ ಅವೇ ಪೊಟ್ಯಾಸಿಯಂ ಏರಿದ ಗುರುತಾಗಿ ಕಂಡವು. ಇನ್ನೊಮ್ಮೆ ರಕ್ತ ಕಳಿಸೋಣವೇ ಎಂದು ನರ್ಸು ಕೇಳಿದಳಂತೆ. ಜಲಜಾ ಮಾಡಿದ ರಿಪೋರ್ಟು, ಕಾಯುವುದು ಬೇಡ ಎಂದು ಡಾಕ್ಟರು ಹೇಳಿದರಂತೆ. ಗ್ಲೂಕೋಸಿನ ಜೊತೆ ಇನ್ಸುಲಿನ್ ಏರಿಸಲು ಶುರು ಮಾಡಿದರು. ಇನ್ಸುಲಿನ್ ಕೊಟ್ಟರೆ ಪಂಪು ಚುರುಕಾಗಿ ರಕ್ತದ ಪೊಟ್ಯಾಸಿಯಂ ಕೋಶಗಳೊಳಗೆ ಹೋಗುತ್ತದೆ. ಹೆಚ್ಚಾದದ್ದನ್ನು ತಕ್ಷಣ ಇಳಿಸಲು ಅದೇ ದಾರಿ.

ನಾನು ಕೆಳಗೆ ಉಳಿದ ಹತ್ತು ಜನರದ್ದನ್ನು ನೋಡುತ್ತಿದ್ದೆ. ಎರಡನೆಯವರದೂ ಹೆಚ್ಚು. ಮೂರನೆಯದೂ, ನಾಲ್ಕನೆಯದೂ ಹೆಚ್ಚು. ಐದನೆಯವನು ಚಟ್ನಿ ರುಬ್ಬುವ ಸುಬ್ರಾಯ, ಹೋಲಿಕೆಗೆಂದು ಸೇರಿಸಿಕೊಂಡಿದ್ದ ಕಡ್ಡಿಯಂಥ ಹುಡುಗ, ಒಂದು ಮಾತ್ರೆ ನುಂಗಿದವನಲ್ಲ. ಅವನದೂ ಆರು. ಒಂದೇ ಅಡುಗೆಮನೆಯ ಅಷ್ಟೂ ಜನರಿಗೆ ಒಂದೇ ದಿನ ಒಂದೇ ಕಾಯಿಲೆ ಬರುತ್ತದೆಯೇ ಎಂದು ಯೋಚಿಸಿದೆ. ಆಗ ಬಾಳೆ ಎಲೆ ಕಣ್ಣ ಮುಂದೆ ಬಂತು. ಹೆಚ್ಚುಕಡಿಮೆ ಒಂಬತ್ತು ಗಂಟೆಗಳ ಕಾಲ ತಣ್ಣಗೆ ಇಟ್ಟಿದ್ದೆ. ಟ್ಯೂಬಿನೊಳಗೆ ಪಂಪು ನಿಂತು, ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿತ್ತು. ಅದು ವಾಸು ಮಾವನ ಮೈಯಲ್ಲಿ ಇರಲಿಲ್ಲ, ನನ್ನ ಟ್ಯೂಬಿನಲ್ಲಿ ಮಾತ್ರ ಇತ್ತು. ನೀರಿನ ಮಾತ್ರೆಯಿಂದ ಮೊದಲೇ ಕಡಿಮೆಯಿದ್ದಿರಬಹುದಾದ ಪೊಟ್ಯಾಸಿಯಂ ಅನ್ನು ಮೇಲೆ ಇನ್ನೂ ಇಳಿಸುತ್ತಿದ್ದರು. ತೀರಾ ಇಳಿದರೂ ಹೃದಯ ನಿಲ್ಲುತ್ತದೆ.

ಮೆಟ್ಟಿಲು ಹತ್ತಿ ಓಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ನಿಂತೆ. ಉಸಿರು ಸಿಗದೆ ನಿಂತದ್ದಲ್ಲ. ಫ್ರಿಜ್ಜಿನ ವಿಷಯ ಈ ಆಸ್ಪತ್ರೆಯಲ್ಲಿ ಗೊತ್ತಿರುವುದು ಇಬ್ಬರಿಗೇ, ನನಗೆ ಮತ್ತು ವಾಸು ಮಾವನಿಗೆ. ಅದು ತಪ್ಪು ಎಂದು ಗೊತ್ತಿರುವುದು ನನಗೊಬ್ಬಳಿಗೇ. ಇನ್ನೊಮ್ಮೆ ನೋಡಿಬಿಡೋಣ ಡಾಕ್ಟರೇ ಎಂದು ಮೆಲ್ಲಗೆ ಹೇಳಿದರೆ ಸಾಕಲ್ಲ, ಅಷ್ಟರಲ್ಲೇ ಸರಿಹೋಗಬಹುದಲ್ಲ ಎಂದು ಮನಸ್ಸು ಹೇಳಿತು. ಕೆಲಸ ಹೋದರೆ ಏನು ಗತಿ ಎಂದಿತು. ಒಂದು ನಿಮಿಷ ನಿಂತಿರಬೇಕು. ಆ ಒಂದು ನಿಮಿಷದಲ್ಲಿ ಮೇಲೆ ಇನ್ಸುಲಿನ್ ಹನಿ ಹನಿಯಾಗಿ ಇಳಿಯುತ್ತಿತ್ತು. ನನಗೆ ನಾಚಿಕೆಯಾಗುವುದು ಫ್ರಿಜ್ಜಿಗಲ್ಲ, ಈ ನಿಮಿಷಕ್ಕೆ. ಯಾರಿಗೂ ಇದನ್ನು ಹೇಳಿರಲಿಲ್ಲ, ವಿದ್ಯಾ, ನೀನೇ ಮೊದಲು.

ಹೋಗಿ ಹೇಳಿದೆ. ಇದ್ದದ್ದು ಇದ್ದ ಹಾಗೆ, ನರ್ಸು ಆಯಾ ಎಲ್ಲರ ಮುಂದೆ. ಡಾಕ್ಟರು ತಕ್ಷಣ ಇನ್ಸುಲಿನ್ ನಿಲ್ಲಿಸಿ ಬರೀ ಗ್ಲೂಕೋಸು ಇಟ್ಟರು, ಆದರೆ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿತ್ತು. ವಾಸು ಮಾವನ ಹಣೆಯಲ್ಲಿ ಬೆವರು. ನಾಡಿ ಎಲ್ಲೋ ಒಂದೊಂದು ಬಡಿತ ತಪ್ಪುತ್ತಿತ್ತು. ಮೇಡಂ ಬಂದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಅದೇ ಪ್ರಶ್ನೆ ಕೇಳಿದರು. ಇಲ್ಲ ಮೇಡಂ ಎಂದೆ. ಅಷ್ಟು ವರ್ಷದಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅವರು ಬೈಯಲಿಲ್ಲ, ಈಗಲೇ ಹೊಸ ರಕ್ತ ಬೇಕು ಎಂದರು. ಈಗ ಎಷ್ಟಿದೆ ಎಂದು ಗೊತ್ತಿಲ್ಲದೆ ಪೊಟ್ಯಾಸಿಯಂ ಏರಿಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ವಾಸು ಮಾವ ಕೈ ಕೊಡಲಿಲ್ಲ. ನರ್ಸು ಬಂದರೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಡಾಕ್ಟರು ಕೇಳಿದರೂ ಇಲ್ಲ, ಮೇಡಂ ತಮಿಳಿನಲ್ಲಿ ಬೇಡಿಕೊಂಡರೂ ಇಲ್ಲ. ನೆಟ್ಟಗಿದ್ದವನನ್ನು ಕರೆಸಿ ಮಲಗಿಸಿದಿರಿ, ಇನ್ನು ನಿಮ್ಮ ಸೂಜಿ ಸಾಕು, ನಾನು ಹೋಟೆಲಿಗೆ ಹೋಗುತ್ತೇನೆ ಎಂದು ಏಳಲು ನೋಡಿದರು. ಎದ್ದರೆ ಅಲ್ಲೇ ಬಿದ್ದಾರು ಎಂದು ಎಲ್ಲರಿಗೂ ಭಯ. ನಾನು ಹತ್ತಿರ ಹೋಗಿ ಮಂಚದ ಪಕ್ಕ ನಿಂತೆ.

"ಮಾವ, ನಿಮಗೆ ಏನೂ ಆಗಿರ್ಲಿಲ್ಲ. ಫ್ರಿಜ್ಜಿನಲ್ಲಿ ಇಟ್ಟದ್ದರಿಂದ ಲೆಕ್ಕ ತಪ್ಪಿ ಬಂತು. ಇಡಬಾರದು ಅಂತ ನನಗೆ ಗೊತ್ತಿತ್ತು, ನೆನಪಾಗ್ಲಿಲ್ಲ. ಈಗ ಕೊಟ್ಟ ಮದ್ದಿಂದ ನಿಮಗೆ ಅಪಾಯ ಉಂಟು. ತಪ್ಪು ನನ್ನದೇ."

ಅವರು ಏಳುವುದನ್ನು ಬಿಟ್ಟು ದಿಂಬಿಗೆ ಒರಗಿದರು.

"ಇಟ್ಟದ್ದು ನಾನಲ್ವಾ?"

"ಇಟ್ಟದ್ದು ನೀವು. ಬೇಡ ಅನ್ನಬೇಕಿದ್ದವಳು ನಾನು."

"ನೀನು ಬಾಯಿ ಬಿಡದಿದ್ರೆ ಇವರಿಗೆಲ್ಲ ಗೊತ್ತಾಗ್ತಿತ್ತಾ?"

ಇಲ್ಲ ಎಂದೆ. ವಾಸು ಮಾವ ಹೊದಿಕೆಯೊಳಗಿನಿಂದ ಕೈಯನ್ನು ಹೊರಗೆ ತೆಗೆದು, ಒಲೆಯ ಕಿಡಿ ಹಾರಿ ಕಲೆಯಾದ ಮೊಣಕೈಯನ್ನು ನನ್ನ ಮುಂದೆ ಚಾಚಿದರು.

"ಹಾಗಾದ್ರೆ ನೀನೇ ತೆಗಿ. ಬೇರೆಯವರಿಗೆ ಕೊಡುದಿಲ್ಲ."

ಪೊಟ್ಯಾಸಿಯಂ ತೀರಾ ಕೆಳಗಿತ್ತು. ತಡಮಾಡದೆ ಏರಿಸಿದರು, ಸಂಜೆಯ ಹೊತ್ತಿಗೆ ನಾಡಿ ಸರಿಯಾಯಿತು, ಮೂರನೇ ದಿನ ಮನೆಗೆ ಕಳಿಸಿದರು. ನನ್ನ ಕೆಲಸ ಹೋಗಲಿಲ್ಲ, ಮೇಡಂ ಆ ತಿಂಗಳ ಮಾದರಿಗಳನ್ನೆಲ್ಲ ಚೆಲ್ಲಿಸಿ, ಯಾಕೆ ಚೆಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ನನ್ನ ಕೈಯಲ್ಲೇ ಬರೆಸಿದರು. ವಾಸು ಮಾವ ಆಮೇಲೂ ಎಷ್ಟೋ ವರ್ಷ ಉಪ್ಪಿಗಾಗಿ ನನ್ನ ಜೊತೆ ಜಗಳವಾಡಿದರು. ಈಗ ಬೆಂಕಿಯ ಯಂತ್ರ ಇಲ್ಲ, ವಿದ್ಯಾಳ ಲ್ಯಾಬಿನಲ್ಲಿ ಟ್ಯೂಬು ಇಟ್ಟರೆ ನಿಮಿಷದಲ್ಲಿ ಅಂಕಿ ಬರುತ್ತದೆ. ಇದು ಇಷ್ಟು ಹೊತ್ತು ಎಲ್ಲಿತ್ತು ಎಂದು ಆ ಯಂತ್ರ ಕೇಳುವುದಿಲ್ಲ, ಅದನ್ನು ನೀನೇ ಕೇಳಬೇಕು ಮಗಳೇ.

ಅವತ್ತು ವಾಸು ಮಾವನಿಗೆ ಸೂಜಿ ಹಾಕುವಾಗ ಮೊದಲ ಸಲ ನರ ತಪ್ಪಿತು. ಅವರು ಮುಖ ಆಚೆ ತಿರುಗಿಸಿಕೊಂಡು, ನಿಧಾನ, ನಿಧಾನ ಎಂದರು. ಎರಡನೇ ಸಲ ಸಿಕ್ಕಿತು. ಟ್ರೇ ತರುತ್ತೇನೆ ಎಂದು ನರ್ಸು ಹೇಳಿದ್ದಕ್ಕೂ ಕಾಯದೆ ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಆ ತಿರುವಿನಲ್ಲಿ ಈ ಸಲ ನಿಲ್ಲಲಿಲ್ಲ. ಲ್ಯಾಬು ಮುಟ್ಟುವವರೆಗೂ ಅದು ನನ್ನ ಕೈಯಲ್ಲಿ ಬೆಚ್ಚಗೇ ಇತ್ತು.